ಹಕ್ಕಲಿಲ್ಲದ ಹೊಲ: ಪಾವಗಡದ ಸೌರ ಉದ್ಯಾನ ಮತ್ತು ಉದ್ಯಮದ ಹೊಣೆ

ಪರಿಸರ, ಸಮಾಜ, ಆಡಳಿತ ಎಂಬ ಮೂರು ಅಳತೆಗಳಿಂದ ಉದ್ಯಮಗಳ ಸುಸ್ಥಿರತೆಯನ್ನು ಅಳೆಯುವುದು ಇಂದಿನ ರೂಢಿ. ಷೇರುಪೇಟೆಯಲ್ಲಿ ನೋಂದಾಯಿತವಾದ ಅತಿದೊಡ್ಡ 1,000 ಕಂಪನಿಗಳು ಇವುಗಳ ಕುರಿತು ವರದಿ ಸಲ್ಲಿಸುವುದನ್ನು 2022-23ರಿಂದ ಸೆಬಿ ಕಡ್ಡಾಯಗೊಳಿಸಿದೆ. ಈ ಅಳತೆ ಯಾರನ್ನು ಎಣಿಸುತ್ತದೆ, ಯಾರನ್ನು ಬಿಡುತ್ತದೆ ಎಂಬುದು ದೇವಶಾಸ್ತ್ರದ ಪ್ರಶ್ನೆಯೂ ಹೌದು.

ತುಮಕೂರು ಜಿಲ್ಲೆಯ ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳು ಬರವನ್ನು ಬಲ್ಲ ಬಯಲುಸೀಮೆ. ಇವುಗಳಲ್ಲಿ ಪಾವಗಡದ ತಿರುಮಣಿ ಸುತ್ತಲಿನ ಸುಮಾರು 13,000 ಎಕರೆಯಲ್ಲಿ ಇಂದು 2,050 ಮೆಗಾವ್ಯಾಟ್ ಸಾಮರ್ಥ್ಯದ ಸೌರ ಉದ್ಯಾನವಿದೆ. ಇಲ್ಲಿ ರೈತರ ಭೂಮಿಯನ್ನು ಸ್ವಾಧೀನಪಡಿಸಿಕೊಳ್ಳಲಿಲ್ಲ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ, ಕಾಲಕಾಲಕ್ಕೆ ಏರುವ ದರದಲ್ಲಿ, ಗುತ್ತಿಗೆಗೆ ಪಡೆಯಲಾಯಿತು. ಕಲ್ಲಿದ್ದಲು ಸುಡದೆ ವಿದ್ಯುತ್ತು ಬಂತು; ಒಡೆತನ ರೈತನಲ್ಲೇ ಉಳಿಯಿತು. ಇದು ಮೆಚ್ಚತಕ್ಕ ಕ್ರಮ.

ಆದರೆ ಗುತ್ತಿಗೆ ಹಣ ಸೇರುವುದು ಪಹಣಿಯಲ್ಲಿ ಹೆಸರಿದ್ದವರಿಗೆ. ಅದೇ ಹೊಲದಲ್ಲಿ ಕಡಲೆಕಾಯಿ ಕಿತ್ತು, ಕಳೆ ತೆಗೆದು ಕೂಲಿ ಪಡೆಯುತ್ತಿದ್ದ ಭೂಹೀನರಿಗೂ ಕೊಯ್ಲಾದ ಬಯಲಲ್ಲಿ ಕುರಿ ಮೇಯಿಸುತ್ತಿದ್ದವರಿಗೂ ಯಾವ ಪತ್ರದಲ್ಲಿಯೂ ಹೆಸರಿರಲಿಲ್ಲ. ಕಾವಲು, ಹುಲ್ಲು ಕೀಳುವುದು, ಫಲಕ ತೊಳೆಯುವುದು ಇಂತಹ ಕೆಲಸಗಳು ಹುಟ್ಟಿದವಾದರೂ ಅವು ಎಲ್ಲರ ಕೈ ತುಂಬಲಾರವು.

ಯಾಜಕಕಾಂಡ 19:9-10 ಗಮನಿಸುವುದು ಇಂಥವರನ್ನೇ. ಹೊಲದ ಅಂಚನ್ನು ಕೊಯ್ಯದೆ, ಹಕ್ಕಲನ್ನು ಆರಿಸದೆ ಬಡವರಿಗೂ ಪರದೇಶಿಗಳಿಗೂ ಬಿಡಬೇಕೆಂದು ಅಲ್ಲಿ ವಿಧಿಸಲಾಗಿದೆ. ಇದು ಒಡೆಯನ ಔದಾರ್ಯವಲ್ಲ, ಧರ್ಮಶಾಸ್ತ್ರದ ವಿಧಿ. ಭೂಮಿ ದೇವರದು, ಮನುಷ್ಯರು ಅದರಲ್ಲಿ ತಂಗಿರುವವರು ಎಂಬ 25:23ರ ಬೋಧನೆಯೇ ಇದಕ್ಕೆ ಆಧಾರ.

ನಮ್ಮ 2013ರ ಕಂಪನಿ ಕಾಯಿದೆಯ 135ನೆಯ ಕಲಮಿನಂತೆ, ನಿಗದಿತ ಗಾತ್ರದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇಕಡ 2ನ್ನು ಸಾಮಾಜಿಕ ಕಾರ್ಯಗಳಿಗೆ ವೆಚ್ಚ ಮಾಡಬೇಕು. ಶಾಲೆ, ಆಸ್ಪತ್ರೆಗಳಿಗೆ ಇದರಿಂದ ಉಪಕಾರವುಂಟು. ಆದರೂ ಇಲ್ಲೊಂದು ಭೇದವಿದೆ: ಈ ಪಾಲು ಲಾಭವನ್ನು ಎಣಿಸಿದ ಮೇಲೆ ಹುಟ್ಟುತ್ತದೆ, ಹಕ್ಕಲಾದರೋ ಎಣಿಕೆಗೆ ಮೊದಲೇ ಹೊಲದಲ್ಲಿ ಉಳಿಯುತ್ತದೆ. ಒಂದು ಮಿಗುತಾಯದ ಹಂಚಿಕೆ, ಇನ್ನೊಂದು ಮೂಲದಲ್ಲಿಯೇ ಇರುವ ಬಾಧ್ಯತೆ.

ಆಡಳಿತದ ಪಾಠವೂ ರೂತಳ ಗ್ರಂಥದಲ್ಲಿದೆ. ನವೊಮಿಯ ಹೊಲದ ವ್ಯವಹಾರವನ್ನು ಬೋವಜನು ಇತ್ಯರ್ಥಪಡಿಸಿದ್ದು ಊರಬಾಗಿಲಲ್ಲಿ, ಹತ್ತು ಮಂದಿ ಹಿರಿಯರ ಎದುರಿಗೆ. ಭೂಮಿಯ ಒಪ್ಪಂದ ಹತ್ತು ಜನರ ಕಣ್ಣಮುಂದೆ ಆಗಬೇಕಾದ ಕಾರ್ಯ.

ಆದ್ದರಿಂದ ಈ ತಾಲ್ಲೂಕುಗಳಲ್ಲಿ ಸೇವೆಮಾಡುವ ಸಭಾಪಾಲಕರು ಇಂಥ ಯೋಜನೆಗಳನ್ನು ಕುರುಡಾಗಿ ಹೊಗಳುವುದೂ ಬೇಡ, ತೆಗಳುವುದೂ ಬೇಡ. ಪಹಣಿಯಿಲ್ಲದವರ ಪಟ್ಟಿಯನ್ನು ಬರೆದವರು ಯಾರು? ಅವರ ಕೂಲಿಯ ನಷ್ಟಕ್ಕೆ ಒಪ್ಪಂದದಲ್ಲಿಯೇ ಇರುವ ಪರಿಹಾರವೇನು? ಸಹಿ ಬೀಳುವ ಮುನ್ನ ಈ ಎರಡು ಪ್ರಶ್ನೆಗಳನ್ನು ಊರಬಾಗಿಲಲ್ಲಿ ಕೇಳುವುದು ಸಭೆಯ ಸಾಕ್ಷಿಯ ಭಾಗವೇ ಆಗಿದೆ.