ಹೊರಡುವವರ ಮಸೀದಿ

ಮದೀನಾದ ಪ್ರವಾದಿ ಮಸೀದಿಯಿಂದ ಮಕ್ಕಾದ ದಾರಿ ಹಿಡಿದರೆ, ಸುಮಾರು ಹತ್ತು ಕಿಲೋಮೀಟರಿನೊಳಗೆ ಯಾತ್ರಿಕರ ಬಸ್ಸುಗಳೆಲ್ಲ ಒಂದು ಕಡೆ ನಿಲ್ಲುತ್ತವೆ. ಪ್ಯಾಂಟು, ಪೈಜಾಮ, ಲುಂಗಿಗಳಲ್ಲಿ ಇಳಿದು ಹೋದ ಗಂಡಸರು ಹೊಲಿಗೆಯಿಲ್ಲದ ಎರಡು ಬಿಳಿ ವಸ್ತ್ರಗಳಲ್ಲಿ ಹೊರಬರುತ್ತಾರೆ. ಆಮೇಲೆ ಯಾರು ಸೇಠ್, ಯಾರು ಕೂಲಿಯವನು ಎಂದು ಬಟ್ಟೆ ನೋಡಿ ಹೇಳಲಾಗದು. ಇದು ಅಕೀಕ್ ಕಣಿವೆಯ ದುಲ್ ಹುಲೈಫಾ ಮಸೀದಿ. ಊರಿನವರ ಬಾಯಲ್ಲಿ ಅಬ್ಯಾರ್ ಅಲಿ.

ಹಜ್ ಅಥವಾ ಉಮ್ರಾ ಯಾತ್ರೆಗೆ ಹೊರಟವರು ಇಹ್ರಾಮ್ (ಯಾತ್ರೆಯ ಕಟ್ಟುಪಾಡಿನ ಸ್ಥಿತಿ; ಆ ಬಿಳಿ ವಸ್ತ್ರಕ್ಕೂ ಇದೇ ಹೆಸರು) ಇಲ್ಲದೆ ದಾಟಬಾರದ ಗಡಿಗಳಿಗೆ ಮೀಕಾತ್ ಎನ್ನುತ್ತಾರೆ. ಅವುಗಳಲ್ಲಿ ಮಕ್ಕಾದಿಂದ ಅತಿ ದೂರದ್ದು ಇದೇ: 400 ಕಿಲೋಮೀಟರಿಗೂ ಹೆಚ್ಚು. ಉಗುರು ತೆಗೆದು, ಸ್ನಾನ ಮಾಡಿ, ಇಹ್ರಾಮ್ ಉಟ್ಟು, ನಮಾಜ್ ಮುಗಿಸಿ, ನಿಯತ್ತು (ಯಾತ್ರೆಯ ಸಂಕಲ್ಪ) ಮಾಡಿ ತಲ್ಬಿಯಾ ಎಂಬ ಯಾತ್ರಿಕರ ಘೋಷ ಶುರು ಮಾಡಿದರೆ ಮುಗಿಯಿತು. ಅಲ್ಲಿಂದ ಮುಂದೆ ಅತ್ತರು ಹಚ್ಚುವಂತಿಲ್ಲ, ಕೂದಲು ಕತ್ತರಿಸುವಂತಿಲ್ಲ, ಬೇಟೆಯಿಲ್ಲ, ಜಗಳವಿಲ್ಲ. ಹೆಂಗಸರಿಗೆ ಬೇರೆ ವಸ್ತ್ರವೇನಿಲ್ಲ, ತಮ್ಮ ಮಾಮೂಲಿ ಉಡುಪೇ ಸಾಕು.

ಹಿಜರಿ 10ರಲ್ಲಿ ತಮ್ಮ ಕೊನೆಯ ಹಜ್‌ಗೆ ಹೊರಟ ಪ್ರವಾದಿ ಮುಹಮ್ಮದರು ರಾತ್ರಿ ತಂಗಿದ್ದು ಇಲ್ಲೇ. ಆ ಯಾತ್ರೆಯಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸುವುದು ಅಸ್ಮಾ ಬಿನ್ತ್ ಉಮೈಸರ ಪ್ರಸಂಗ. ಪ್ರವಾದಿಯವರ ಸಂಗಡಿಗ ಅಬೂಬಕರರ ಮಡದಿಯಾದ ಆಕೆ ತುಂಬು ಬಸುರಿಯಲ್ಲೇ ಹೊರಟಿದ್ದರು. ಇಲ್ಲಿಗೆ ಬರುವಷ್ಟರಲ್ಲಿ ಗಂಡುಮಗು ಹೆತ್ತರು. ಇನ್ನೇನು ಮಾಡಲಿ ಎಂದು ಪ್ರವಾದಿಯವರನ್ನು ಕೇಳಿ ಕಳಿಸಿದರೆ, ಸ್ನಾನ ಮಾಡಿ, ಬಟ್ಟೆ ಬಿಗಿದುಕೊಂಡು, ಇಹ್ರಾಮ್ ಕಟ್ಟಿ ಎಂಬ ಉತ್ತರ ಬಂತು. ಹಸಿ ಬಾಣಂತಿಗೂ ಮನೆಗೆ ಮರಳಿ ಎನ್ನಲಿಲ್ಲ. ತಿಂಗಳ ಸೂತಕದಲ್ಲಿರುವ ಹೆಣ್ಣುಮಕ್ಕಳು ನಮಾಜ್ ಬಿಟ್ಟರೂ ಇಹ್ರಾಮ್ ಬಿಡಬೇಕಿಲ್ಲ ಎಂದು ಉಲೇಮಾಗಳು ಹೇಳುವಾಗ ಈ ಪ್ರಸಂಗವನ್ನೇ ನೆನೆಯುತ್ತಾರೆ.

ಮಸೀದಿಯನ್ನು ಮೊದಲು ಕಟ್ಟಿಸಿದವರು ಉಮರ್ ಬಿನ್ ಅಬ್ದುಲ್ ಅಜೀಜ್, ಮದೀನಾದ ರಾಜ್ಯಪಾಲರಾಗಿದ್ದಾಗ ಎಂದು ಪ್ರತೀತಿ. ಈಗಿರುವುದು 1980ರ ದಶಕದ ಕಟ್ಟಡ. ವಾಸ್ತುಶಿಲ್ಪಿ ಈಜಿಪ್ಟಿನ ಅಬ್ದೆಲ್ ವಾಹೆದ್ ಅಲ್ ವಕೀಲ್, ಮಣ್ಣಿನ ಮನೆಗಳ ಪ್ರತಿಪಾದಕ ಹಸನ್ ಫತ್ಹಿಯವರ ಶಿಷ್ಯ. ಎಣ್ಣೆ ದುಡ್ಡು ಹರಿಯುತ್ತಿದ್ದ ಕಾಲದಲ್ಲೂ ಅವರು ಕಾಂಕ್ರೀಟ್ ಬಿಟ್ಟು ಇಟ್ಟಿಗೆಯ ಕಮಾನುಗಳನ್ನೇ ನೆಚ್ಚಿದರು. ಸಾವಿರಾರು ಜನ ನಮಾಜ್ ಮಾಡಬಹುದಾದ ಮಸೀದಿಯ ಸುತ್ತ ಸ್ನಾನಗೃಹ, ಬಟ್ಟೆ ಬದಲಿಸುವ ಕೋಣೆಗಳ ಸಾಲು. ಹಳೆಯ ಕಾಲದ ಪ್ರಯಾಣಿಕರ ಛತ್ರದ ಏರ್ಪಾಟೇ ಇದು. ಹೆಚ್ಚಿನವರು ಇಲ್ಲಿ ನಿಲ್ಲುವುದು ಸ್ವಲ್ಪ ಹೊತ್ತು ಎನ್ನುವುದನ್ನು ಅರಿತ ಕಟ್ಟಡ.

ನಮ್ಮ ಕಡೆಯ ಹಾಜಿಗಳಲ್ಲಿ ಎಲ್ಲರಿಗೂ ಇದು ಸಿಗುವುದಿಲ್ಲ. ಮುಂಬೈಯಿಂದ ಹಡಗು ಹೋಗುತ್ತಿದ್ದ ಕಾಲದಲ್ಲಿ (ಆ ಪಯಣ ನಿಂತದ್ದು 1995ರಲ್ಲಿ) ಯಲಮ್‌ಲಮ್ ಎಂಬ ಇನ್ನೊಂದು ಮೀಕಾತ್ ಎದುರಾಗುವ ಹೊತ್ತಿಗೆ ಹಡಗಿನಲ್ಲೇ ಇಹ್ರಾಮ್ ಉಡುತ್ತಿದ್ದರು. ಈಗ ವಿಮಾನ ನೇರ ಜಿದ್ದಾಕ್ಕಿದ್ದರೆ ಹತ್ತುವ ಮೊದಲೇ ಉಟ್ಟುಕೊಂಡು, ಮೀಕಾತ್ ಹತ್ತಿರವಾಯಿತೆಂಬ ಘೋಷಣೆಗೆ ಕಿವಿಗೊಟ್ಟು ಕೂರಬೇಕು. ಮದೀನಾದಲ್ಲಿ ಮೊದಲು ಇಳಿಯುವವರಿಗೆ ಮಾತ್ರ ಅಬ್ಯಾರ್ ಅಲಿ. ಅವರಲ್ಲೂ ಬಹಳ ಮಂದಿ ಹೋಟೆಲಿನಲ್ಲೇ ಸ್ನಾನ ಮುಗಿಸಿ, ಉಟ್ಟುಕೊಂಡೇ ಬಂದು, ನಿಯತ್ತಿಗಷ್ಟೇ ಇಳಿಯುತ್ತಾರೆ. ಬಸ್ಸಿನ ಹಾರ್ನ್ ಕೇಳುತ್ತಿರುವಾಗ ಕಮಾನು ನೋಡಲು ಪುರುಸೊತ್ತು ಯಾರಿಗಿದೆ?