ಮೂಳೆಗಿಳಿದ ನೀರು

ಅರಸೀಕೆರೆ ಸೀಮೆಯಲ್ಲಿ ಮಂಡಿನೋವಿಗೆ ಮಾತ್ರೆ ಬರೆಯುವ ಮುನ್ನ ಕೇಳಲೇಬೇಕಾದ ಪ್ರಶ್ನೆ

ಮುಂಗೈಯಲ್ಲಿ ಎರಡು ಮೂಳೆಗಳಿವೆ. ಅವುಗಳ ನಡುವೆ ತೆಳ್ಳನೆಯ ಪೊರೆಯೊಂದು ಹಾಸಿಕೊಂಡಿರುತ್ತದೆ. ಮೆತ್ತನೆಯ ಪೊರೆಯಾದ್ದರಿಂದ ಎಕ್ಸ್‌ರೇಯಲ್ಲಿ ಅದು ಕಾಣಬಾರದು. ಕಂಡಿತೆಂದರೆ, ಮೂಳೆಯ ಅಂಚಿನಿಂದ ಮುಳ್ಳುಮುಳ್ಳಾಗಿ ಬಿಳಿ ಗೆರೆ ಎದ್ದಿತೆಂದರೆ, ಪಳಗಿದ ವೈದ್ಯರು ನೋವಿನ ಮಾತು ಅತ್ತ ಬಿಟ್ಟು ಬೇರೆಯದನ್ನು ಕೇಳುತ್ತಾರೆ: ಯಾವ ಊರು? ಎಲ್ಲಿಯ ನೀರು ಕುಡೀತೀರಿ?

ಅರಸೀಕೆರೆ ತಾಲ್ಲೂಕಿನ ಮಟ್ಟಿಗೆ ಈ ಪ್ರಶ್ನೆಯೇ ಅರ್ಧ ರೋಗನಿರ್ಣಯ. ಪಟ್ಟಣದ ಮಗ್ಗುಲಲ್ಲಿರುವ ಮಾಲೇಕಲ್ಲು ತಿರುಪತಿ ಬೆಟ್ಟಕ್ಕೆ ಸಾವಿರಕ್ಕೂ ಮಿಕ್ಕ ಮೆಟ್ಟಿಲು. ಆಷಾಢದ ಜಾತ್ರೆಗೆ ಸುತ್ತಲ ಹಳ್ಳಿಗಳವರು ವೆಂಕಟರಮಣನ ಹೆಸರು ಹೇಳಿಕೊಂಡು ಹತ್ತುತ್ತಾರೆ. ಹತ್ತಲಾಗದವರು ಬುಡದಲ್ಲೇ ಕೈಮುಗಿದು ಕೂರುತ್ತಾರೆ. ‘ವಯಸ್ಸಾಯ್ತು, ಮಂಡಿ ಮಡಿಚಕ್ಕಾಗಲ್ಲ’ ಎನ್ನುವ ಬಹುಪಾಲು ಜನರ ವಿಷಯದಲ್ಲಿ ಅದು ನಿಜವೇ. ವಯಸ್ಸು, ಜೀವಮಾನದ ಹೊಲದ ದುಡಿಮೆ, ಸವೆದ ಕೀಲು. ಆದರೆ ಎಲ್ಲರ ವಿಷಯದಲ್ಲೂ ಅಲ್ಲ. ತಾಲ್ಲೂಕಿನ ಹಲವು ಹಳ್ಳಿಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಮಿತಿ ಮೀರಿದೆಯೆಂಬುದು ಅಧಿಕಾರಿಗಳಿಗೂ ಊರಿನವರಿಗೂ ಬಹುಕಾಲದಿಂದ ಗೊತ್ತು. ಆ ನೀರು ವರ್ಷಗಟ್ಟಲೆ ಹೊಟ್ಟೆಗಿಳಿದರೆ ಬರುವ ಕಾಯಿಲೆ ಫ್ಲೋರೋಸಿಸ್. ಸಂಶೋಧಕರು ಇದನ್ನು ತೊಂಬತ್ತು ವರ್ಷಗಳಿಂದ ಅಗೆದು ನೋಡಿದ್ದಾರೆ. ಅವರು ಕಂಡುಕೊಂಡದ್ದು ಹಳ್ಳಿಯ ಆಸ್ಪತ್ರೆಯ ಚೀಟಿಯವರೆಗೆ ಇನ್ನೂ ಬಂದು ತಲುಪಿಲ್ಲವೆಂಬುದೇ ನನ್ನ ಸಂಕಟ.

ಕೆರೆ ಬಿಟ್ಟು ಕೊಳವೆಗೆ

ಹಾಸನ ಜಿಲ್ಲೆ ಒಂದೇ, ಮಳೆ ಎರಡು ಬಗೆ. ಸಕಲೇಶಪುರದ ಕಡೆ ಸುರಿಯುವ ಮಳೆ ಬೇಲೂರು, ಹಳೇಬೀಡು ದಾಟಿ ಜಾವಗಲ್, ಬಾಣಾವರ, ಅರಸೀಕೆರೆಗೆ ಬರುವಷ್ಟರಲ್ಲಿ ಸೊರಗಿರುತ್ತದೆ. ಹೊಯ್ಸಳರು ಇದನ್ನು ಬಲ್ಲವರಾಗಿದ್ದರು. ರಾಜಧಾನಿಯನ್ನೇ ದೋರಸಮುದ್ರದ ಕೆರೆಯ ದಡದಲ್ಲಿ ಕಟ್ಟಿಕೊಂಡರು, ಸೀಮೆಯ ತುಂಬ ಕೆರೆ–ಕಲ್ಯಾಣಿ ಮಾಡಿಸಿದರು. ಕೆರೆಯ ನೀರು, ಕೆರೆಯ ಕೆಳಗಿನ ತೆರೆದ ಬಾವಿಯ ನೀರು ಬಂಡೆಯೊಂದಿಗೆ ಹೆಚ್ಚು ಕಾಲ ಕಳೆದದ್ದಲ್ಲ. ಹೋದ ಮಳೆಗಾಲದ್ದೋ ಅದರ ಹಿಂದಿನದೋ. ನೂರಾರು ಅಡಿ ಆಳದ ಕೊಳವೆಬಾವಿ ಮೇಲೆತ್ತುವುದು ಬಂಡೆಯ ಬಿರುಕುಗಳಲ್ಲಿ ಬಹಳ ಕಾಲ ನಿಂತ ನೀರನ್ನು. ಇಲ್ಲಿನ ನೆಲದಡಿ ಇರುವ ನೈಸ್ ಮತ್ತು ಗ್ರಾನೈಟ್ ಶಿಲೆಗಳಲ್ಲಿ ಬಯೊಟೈಟ್, ಹಾರ್ನ್‌ಬ್ಲೆಂಡ್, ಅಪಟೈಟ್‌ನಂಥ ಖನಿಜಗಳಿವೆ. ಅವುಗಳೊಳಗೆ ಫ್ಲೋರೈಡ್ ಇದೆ. ನೀರು ನಿಂತಷ್ಟೂ ಅದು ಕರಗುತ್ತದೆ. ತೆಂಗಿನ ತೋಟ ಉಳಿಸಿಕೊಳ್ಳಲು ರೈತ ಆಳಕ್ಕೆ ಕೊರೆಸಿದಷ್ಟೂ ಹಳೆಯ ನೀರು ಸಿಗುತ್ತದೆ.

ಇಲ್ಲೊಂದು ತಪ್ಪು ತಿಳಿವಳಿಕೆ ಬೇರೂರಿದೆ. ಪಾತ್ರೆಗೆ ಬಿಳಿ ಕರೆ ಕಟ್ಟುವ ಗಡಸು ನೀರೇ ಫ್ಲೋರೈಡ್ ನೀರು ಎಂದು ಜನ ನಂಬಿದ್ದಾರೆ. ಆ ಕರೆ ಕ್ಯಾಲ್ಸಿಯಂ, ಮೆಗ್ನೀಸಿಯಂಗಳದ್ದು. ಫ್ಲೋರೈಡಿಗೆ ಬಣ್ಣ, ರುಚಿ, ವಾಸನೆ ಯಾವುದೂ ಇಲ್ಲ. ಕ್ಯಾಲ್ಸಿಯಂ ಹೆಚ್ಚಿರುವ ನೀರಿನಲ್ಲಿ ಫ್ಲೋರೈಡ್ ಅಷ್ಟಾಗಿ ಕರಗಿ ನಿಲ್ಲುವುದೂ ಇಲ್ಲ. ಹಲವು ಕಡೆ ಫ್ಲೋರೈಡ್ ತುಂಬಿರುವುದು ಬೇಳೆ ಬೇಗ ಬೇಯಿಸುವ, ನಾಲಿಗೆಗೆ ಹಿತವಾದ ಮೆದು ನೀರಿನಲ್ಲಿ. ಪರೀಕ್ಷೆ ಮಾಡಿಸದೆ ನೀರಿನ ಗುಣ ಹೇಳಲು ಯಾರಿಂದಲೂ ಆಗದು.

ಭಾರತೀಯ ಮಾನಕ ಬ್ಯೂರೋ ಹೇಳುವ ಮಿತಿ ಲೀಟರಿಗೆ 1 ಮಿಲಿಗ್ರಾಂ. ಬೇರೆ ನೀರೇ ಇಲ್ಲದ ಕಡೆ 1.5. ವಿಶ್ವ ಆರೋಗ್ಯ ಸಂಸ್ಥೆಯ ಅಂಕಿಯೂ 1.5ರದ್ದೇ. ಆದರೆ ಆ ಅಂಕಿಯ ಹಿಂದೆ ದಿನಕ್ಕೆ ಎರಡು ಲೀಟರ್ ಕುಡಿಯುವ ಮನುಷ್ಯನ ಲೆಕ್ಕವಿದೆ. ಬೇಸಿಗೆಯಲ್ಲಿ ಹೊಲದಲ್ಲಿ ದುಡಿಯುವವರು ಅದಕ್ಕೆ ನಿಲ್ಲುತ್ತಾರೆಯೇ? ಅದರ ಮೇಲೆ ಅದೇ ನೀರಿನಲ್ಲಿ ಬೆಂದ ಅನ್ನ, ಮುದ್ದೆ, ಸಾರು. ಕುದಿಸಿದರೆ ಫ್ಲೋರೈಡ್ ಹೋಗದು. ನೀರು ಆವಿಯಾಗಿ, ಉಳಿದದ್ದು ಇನ್ನಷ್ಟು ಗಟ್ಟಿಯಾಗುತ್ತದೆ.

ದಪ್ಪಗಾದ ಮೂಳೆ, ಬಲವಿಲ್ಲದ ಮೂಳೆ

ದೇಹಕ್ಕೆ ಸೇರಿದ ಫ್ಲೋರೈಡನ್ನು ಹೊರಹಾಕುವ ಕೆಲಸ ಮೂತ್ರಪಿಂಡಗಳದ್ದು. ವಯಸ್ಕರಲ್ಲಿ ಸುಮಾರು ಅರ್ಧ ಹೊರಗೆ ಹೋಗುತ್ತದೆ, ಉಳಿದದ್ದು ಮೂಳೆಗೆ. ಬೆಳೆಯುವ ಮಕ್ಕಳ ಮೂಳೆ ಅದಕ್ಕೂ ಹೆಚ್ಚು ಹಿಡಿದಿಟ್ಟುಕೊಳ್ಳುತ್ತದೆ. ಮೂತ್ರಪಿಂಡ ಸೋತವರಲ್ಲಿ ಶೇಖರಣೆ ಇನ್ನೂ ಬಿರುಸು. ಮೂಳೆಯ ಗಟ್ಟಿತನಕ್ಕೆ ಕಾರಣವಾದ ಹೈಡ್ರಾಕ್ಸಿಅಪಟೈಟ್ ಹರಳಿನಲ್ಲಿ ಹೈಡ್ರಾಕ್ಸಿಲ್ ಇರಬೇಕಾದ ಜಾಗಕ್ಕೆ ಫ್ಲೋರೈಡ್ ಬಂದು ಕೂರುತ್ತದೆ. ಮೂಳೆ ಕಟ್ಟುವ ಜೀವಕೋಶಗಳು ಕೆರಳಿ ಅತಿಯಾಗಿ, ಅಡ್ಡಾದಿಡ್ಡಿಯಾಗಿ ಕಟ್ಟತೊಡಗುತ್ತವೆ. ಎಕ್ಸ್‌ರೇಯಲ್ಲಿ ಬೆನ್ನುಮೂಳೆ ಸುಣ್ಣ ಬಳಿದಂತೆ ಬೆಳ್ಳಗೆ ಕಾಣುತ್ತದೆ. ಬಾಗಬೇಕಾದ ಸ್ನಾಯುಬಂಧಗಳಲ್ಲಿ ಸುಣ್ಣಾಂಶ ಕೂತು ಕತ್ತು, ಸೊಂಟ ಬಿಗಿಯುತ್ತವೆ. ಬೆನ್ನುಹುರಿ ಸಾಗುವ ಕಾಲುವೆಯೇ ಕಿರಿದಾಗಿ ಹುರಿ ಅದುಮಿಕೊಂಡರೆ ಕಾಲು ಜೋಮು ಹಿಡಿದು, ಕೊನೆಗೆ ಸ್ವಾಧೀನ ತಪ್ಪುತ್ತದೆ.

ದಪ್ಪಗಾದ ಮೂಳೆ ಗಟ್ಟಿಯೂ ಆಗಿರಬೇಕಲ್ಲವೇ ಎಂದು ವೈದ್ಯಲೋಕವೂ ಒಮ್ಮೆ ಆಸೆಪಟ್ಟಿತ್ತು. ಅಮೆರಿಕದ ಮೇಯೊ ಕ್ಲಿನಿಕ್ಕಿನ ಲಾರೆನ್ಸ್ ರಿಗ್ಸ್ ತಂಡ ಮುಟ್ಟು ನಿಂತು ಮೂಳೆ ಸವೆದಿದ್ದ 202 ಮಹಿಳೆಯರನ್ನು ಎರಡು ಗುಂಪು ಮಾಡಿ, ಒಂದಕ್ಕೆ ದಿನಕ್ಕೆ 75 ಮಿಲಿಗ್ರಾಂ ಸೋಡಿಯಂ ಫ್ಲೋರೈಡ್ ಕೊಟ್ಟು ನಾಲ್ಕು ವರ್ಷ ನೋಡಿತು. 1990ರಲ್ಲಿ ಫಲಿತಾಂಶ ಬಂತು. ಸೊಂಟದ ಭಾಗದ ಬೆನ್ನುಮೂಳೆಯ ಸಾಂದ್ರತೆ ಶೇ 35ರಷ್ಟು ಏರಿತ್ತು. ಆದರೂ ಬೆನ್ನುಮೂಳೆಯ ಮುರಿತ ಗಮನಾರ್ಹವಾಗಿ ತಗ್ಗಿರಲಿಲ್ಲ. ಬೇರೆಡೆಯ ಮೂಳೆ ಮುರಿತ ಹೆಚ್ಚಾಗಿತ್ತು. ನಮ್ಮ ಹಳ್ಳಿಗಳಲ್ಲಿ ಯಾರ ಒಪ್ಪಿಗೆಯನ್ನೂ ಕೇಳದೆ, ಯಾವ ಲೆಕ್ಕವನ್ನೂ ಇಡದೆ ನಡೆದುಬಂದಿರುವುದು ಇದರದೇ ಇನ್ನೊಂದು ರೂಪವೆಂದು ನೆನೆದಾಗ ಹೊಟ್ಟೆ ಸಂಕಟವಾಗುತ್ತದೆ.

ಭಾರತದಲ್ಲಿ ಈ ಕಾಯಿಲೆಯನ್ನು ಮೊದಲು ವಿವರವಾಗಿ ದಾಖಲಿಸಿದವರು ಎಚ್. ಇ. ಶಾರ್ಟ್ ಮತ್ತು ಸಂಗಡಿಗರು, 1937ರಲ್ಲಿ, ಅಂದಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರಿನಿಂದ. ಅದೇ ವರ್ಷ ಡೆನ್ಮಾರ್ಕಿನ ಕಾಯ್ ರೋಹಾಲ್ಮ್ ಕ್ರಯೊಲೈಟ್ ಪುಡಿ ಉಸಿರಾಡಿದ ಕಾರ್ಖಾನೆ ಕಾರ್ಮಿಕರ ಮೂಳೆಗಳ ಬಗ್ಗೆ ಬರೆದ ಗ್ರಂಥ ಹೊರಬಂತು. ಅಲ್ಲಿ ದೂಳು, ಇಲ್ಲಿ ನೀರು. ಮೂಳೆ ತೋರಿಸಿದ್ದು ಒಂದೇ ಚಿತ್ರ. 1973ರಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಕೃಷ್ಣಮಾಚಾರಿ ಮತ್ತು ಕೃಷ್ಣಸ್ವಾಮಿ ಇನ್ನೊಂದು ಮುಖವನ್ನು ತೋರಿಸಿದರು: ಫ್ಲೋರೈಡ್ ಸೀಮೆಯ ಹದಿಹರೆಯದವರಲ್ಲಿ ಮಂಡಿಗಳು ಒಳಕ್ಕೆ ಬಾಗಿ ಒಂದಕ್ಕೊಂದು ತಾಗುವ ವಕ್ರತೆ, ಅದರ ಜೊತೆ ಮೂಳೆ ಸವೆತ. ಒಂದೇ ನೀರು ಕುಡಿದವರಲ್ಲಿ ಒಬ್ಬರ ಮೂಳೆ ದಪ್ಪ, ಇನ್ನೊಬ್ಬರದು ಟೊಳ್ಳು ಆಗುವುದಕ್ಕೆ ಊಟದಲ್ಲಿನ ಕ್ಯಾಲ್ಸಿಯಂ ಕೊರತೆಯೂ ಒಂದು ಕಾರಣವೆಂದು ಮುಂದೆ ಸ್ಪಷ್ಟವಾಗುತ್ತ ಬಂತು. ಬಡತನ ಈ ಕಾಯಿಲೆಯ ಸ್ವರೂಪವನ್ನೇ ಬದಲಿಸುತ್ತದೆ.

ಚಹರೆ ಹಿಡಿಯುವುದು ಹೇಗೆ

ಫ್ಲೋರೋಸಿಸ್ ಬಹಳ ದಿನ ಬೇರೆ ಕಾಯಿಲೆಗಳ ವೇಷದಲ್ಲಿರುತ್ತದೆ. ಕೀಲುನೋವು ಎಂದರೆ ವಾತ, ಸೊಂಟ ಹಿಡಿದರೆ ಸ್ಪಾಂಡಿಲೈಟಿಸ್, ಸುಸ್ತೆಂದರೆ ರಕ್ತಹೀನತೆ. ನೋವಿನ ಮಾತ್ರೆ ವರ್ಷಗಟ್ಟಲೆ ನಡೆಯುತ್ತದೆ, ಮೂತ್ರಪಿಂಡ ಬಳಲುತ್ತದೆ, ಫ್ಲೋರೈಡ್ ಹೊರಹೋಗುವ ಬಾಗಿಲೇ ಕಿರಿದಾಗುತ್ತದೆ. ಎಕ್ಸ್‌ರೇಯಲ್ಲಿ ಮುಂಗೈಯ ಬಿಳಿ ಗೆರೆ ಕಾಣುವ ಹೊತ್ತಿಗೆ ಬಹಳಷ್ಟು ಕಾಲ ಕಳೆದುಹೋಗಿರುತ್ತದೆ.

ಅದಕ್ಕಿಂತ ಬಹಳ ಮುಂಚೆಯೇ ಹಿಡಿಯಬಹುದು, ಅದೂ ಸುಲಭದಲ್ಲಿ. ದೆಹಲಿಯ ಏಮ್ಸ್‌ನಲ್ಲಿ ದಶಕಗಳ ಕಾಲ ಫ್ಲೋರೋಸಿಸ್ ಅಧ್ಯಯನ ಮಾಡಿದ ಎ. ಕೆ. ಸುಶೀಲಾ ಪ್ರಚುರಪಡಿಸಿದ ಮೂರು ಪರೀಕ್ಷೆಗಳಿಗೆ ಯಂತ್ರವೇ ಬೇಡ. ಮಂಡಿ ಮಡಿಸದೆ ಬಗ್ಗಿ ಕಾಲ್ಬೆರಳು ಮುಟ್ಟುವುದು. ಗಲ್ಲವನ್ನು ಎದೆಗೆ ತಾಗಿಸುವುದು. ಎರಡೂ ಕೈ ಚಾಚಿ, ಮಡಿಸಿ, ತಲೆಯ ಹಿಂಭಾಗ ಮುಟ್ಟುವುದು. ಇವು ಆಗದಿದ್ದರೆ ಸಂಶಯ ಪಡಬೇಕು. ಸಂಶಯ ಬಂದರೆ ಮೂತ್ರದಲ್ಲಿ ಮತ್ತು ಮನೆಯ ನೀರಿನಲ್ಲಿ ಎಷ್ಟು ಫ್ಲೋರೈಡಿದೆಯೆಂದು ಅಯಾನ್ ಮೀಟರಿನಲ್ಲಿ ಅಳೆಯಬೇಕು. 2008–09ರಲ್ಲಿ ಶುರುವಾದ ಫ್ಲೋರೋಸಿಸ್ ತಡೆ ಮತ್ತು ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮ ಜಿಲ್ಲಾ ಮಟ್ಟದಲ್ಲಿ ಇಂಥ ಪ್ರಯೋಗಾಲಯಗಳಿಗೆ ಅವಕಾಶ ಮಾಡಿದೆ.

ಎಲ್ಲಕ್ಕೂ ಮೊದಲು ಹೇಳುವುದು ಮಕ್ಕಳ ಹಲ್ಲು. ಶಾಶ್ವತ ಹಲ್ಲಿನ ಎನಾಮೆಲ್ ಒಸಡಿನೊಳಗೆ ರೂಪುಗೊಳ್ಳುವ ವರ್ಷಗಳಲ್ಲಿ, ಹುಟ್ಟಿನಿಂದ ಸುಮಾರು ಎಂಟರವರೆಗೆ, ಫ್ಲೋರೈಡ್ ಹೆಚ್ಚಾದರೆ ಅದರ ಹದ ಕೆಡುತ್ತದೆ. ಎಡಬಲ ಜೋಡಿ ಹಲ್ಲುಗಳ ಮೇಲೆ ಸುಣ್ಣದ ಬಣ್ಣದ ಅಡ್ಡಪಟ್ಟೆ, ಮುಂದೆ ಅದು ಹಳದಿ, ಕಂದು. ಇದು ಉಜ್ಜಿದರೆ ಹೋಗುವ ಕೊಳೆಯಲ್ಲ, ಹಲ್ಲಿನೊಳಗಿನದು. ಹಲ್ಲು ತಿಕ್ಕಲಿಲ್ಲವೆಂದು ಶಾಲೆಯಲ್ಲಿ ಬೈಸಿಕೊಳ್ಳುವ ಮಗುವಿನ ಬಾಯಲ್ಲಿರುವುದು ಊರಿನ ನೀರಿನ ವರದಿ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಎಲ್ಲ ಕೀಲುನೋವನ್ನೂ ಫ್ಲೋರೈಡಿಗೆ ಕಟ್ಟಬಾರದು. 1970ರ ದಶಕದ ಮಧ್ಯದಲ್ಲಿ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ ಸೊಂಟ, ಮಂಡಿ ಹಿಡಿದು ಜನ ನಡೆಯಲಾಗದೆ ಹೋದಾಗ ಗದ್ದೆಯ ಏಡಿ, ಕೀಟನಾಶಕಗಳ ಮೇಲೆ ಸಂಶಯ ಬಿತ್ತು. ಪೀಳಿಗೆಗಳ ವಂಶಾವಳಿ ಬರೆದು ನೋಡಿದ ಮೇಲೆ ಅದು ಆನುವಂಶಿಕ ಮೂಳೆ ಕಾಯಿಲೆಯೆಂದು ತಿಳಿಯಿತು. ಮಲೆನಾಡಿನ ಆ ನೋವಿಗೂ ಬಯಲಿನ ಈ ನೋವಿಗೂ ಹೊರನೋಟಕ್ಕೆ ಹೋಲಿಕೆಯಿದೆ, ಕಾರಣ ಬೇರೆ. ಅಳೆದು ನೋಡದೆ ಹೇಳುವುದು ಎರಡು ಕಡೆಯೂ ಅನ್ಯಾಯ.

ಔಷಧಿ ಅಂಗಡಿಯಲ್ಲಿಲ್ಲ

ಮೂಳೆ ಸೇರಿದ ಫ್ಲೋರೈಡನ್ನು ಕರಗಿಸಿ ತೆಗೆಯುವ ಮಾತ್ರೆ ಇಲ್ಲ. ಬೆನ್ನುಹುರಿ ಅದುಮಿದ್ದರೆ ಶಸ್ತ್ರಚಿಕಿತ್ಸೆಯಿಂದ ಜಾಗ ಬಿಡಿಸಬಹುದು, ಬಾಗಿದ ಕಾಲನ್ನು ಮೂಳೆ ಕತ್ತರಿಸಿ ನೇರ ಮಾಡಬಹುದು. ಉಳಿದಂತೆ ಚಿಕಿತ್ಸೆಯೆಂದರೆ ನೀರು ಬದಲಿಸುವುದು, ಪೋಷಣೆ ಕೊಡುವುದು. ಒಳಗೆ ಬರುವುದು ನಿಂತರೆ ಮೂಳೆ ತಾನಾಗಿ ಫ್ಲೋರೈಡನ್ನು ಬಿಟ್ಟುಕೊಡುತ್ತದೆ, ವರ್ಷಗಳ ಲೆಕ್ಕದಲ್ಲಿ, ನಿಧಾನಕ್ಕೆ.

ಪೋಷಣೆಯ ಮಾತಿಗೆ ಬಂದರೆ ಈ ಸೀಮೆಗೊಂದು ಆಸರೆಯಿದೆ. ನೂರು ಗ್ರಾಂ ರಾಗಿಯಲ್ಲಿ ಮುನ್ನೂರು ಮಿಲಿಗ್ರಾಮಿಗೂ ಹೆಚ್ಚು ಕ್ಯಾಲ್ಸಿಯಂ. ಧಾನ್ಯಗಳಲ್ಲಿ ಅದಕ್ಕೆ ಸಾಟಿಯಿಲ್ಲ. ಹೊಟ್ಟೆಯಲ್ಲಿ ಕ್ಯಾಲ್ಸಿಯಂ ಫ್ಲೋರೈಡನ್ನು ಕಟ್ಟಿಹಾಕಿ ರಕ್ತಕ್ಕೆ ಹೋಗುವುದನ್ನು ತಗ್ಗಿಸುತ್ತದೆ. ಮುದ್ದೆ, ಮಜ್ಜಿಗೆ, ಸೊಪ್ಪಿನ ಸಾರು ಒಳ್ಳೆಯ ಕಾವಲು. ಆದರೆ ಮುದ್ದೆಯ ಎಸರಿಗೆ ಇಡುವ ನೀರು ಯಾವುದು? ಐದು ರೂಪಾಯಿ ಹಾಕಿ ಶುದ್ಧ ನೀರಿನ ಘಟಕದಿಂದ ಕ್ಯಾನ್ ತುಂಬಿಸಿ ತಂದು, ಕುಡಿಯುವುದಕ್ಕಷ್ಟೇ ಅದನ್ನಿಟ್ಟು, ಅಡುಗೆಗೆ ಬೋರಿನ ನೀರು ಬಳಸುವ ಮನೆಗಳು ಬೇಕಾದಷ್ಟಿವೆ. ದುಡ್ಡಿನ ಲೆಕ್ಕ ಅರ್ಥವಾಗುತ್ತದೆ. ಆರೋಗ್ಯದ ಲೆಕ್ಕದಲ್ಲಿ ಅದು ಅರ್ಧ ರಕ್ಷಣೆ. ಘಟಕದ ಆರ್‌ಒ ಪೊರೆ ಫ್ಲೋರೈಡಿನ ಜೊತೆ ಕ್ಯಾಲ್ಸಿಯಮನ್ನೂ ತೆಗೆಯುತ್ತದೆಂಬುದು ನೆನಪಿರಲಿ. ನಾಗಪುರದ ನೀರಿ ಸಂಸ್ಥೆಯ ಪಟಿಕ–ಸುಣ್ಣದ ನಲ್ಗೊಂಡ ವಿಧಾನ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸುಧಾಕರ್ ರಾವ್ ತಂಡ ರೂಪಿಸಿದ ಮೆಗ್ನೀಸಿಯಂ ಆಕ್ಸೈಡ್ ವಿಧಾನ, ಫ್ಲೋರೈಡ್ ತೆಗೆಯಲು ಇವೂ ಇವೆ. ಮನೆಯಲ್ಲಿ ಇವನ್ನು ದಿನಾ ತಪ್ಪದೆ ನಡೆಸುವುದೇ ಕಷ್ಟ. ಮಳೆನೀರಿನಲ್ಲಾದರೋ ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ.

ನನಗೆ ಎಲ್ಲಕ್ಕಿಂತ ತುರ್ತೆನಿಸುವುದು ಬಸುರಿಯರ ವಿಷಯ. ಫ್ಲೋರೈಡ್ ಕರುಳಿನ ಒಳಪದರವನ್ನು ಸವೆಸುತ್ತದೆ. ಆಗ ಕಬ್ಬಿಣದ ಮಾತ್ರೆ ನುಂಗಿದರೂ ಮೈಗೆ ಸರಿಯಾಗಿ ಹತ್ತುವುದಿಲ್ಲ. ಸುಶೀಲಾ ತಂಡ 2010ರಲ್ಲಿ ‘ಕರೆಂಟ್ ಸೈನ್ಸ್’ನಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೂತ್ರದಲ್ಲಿ ಫ್ಲೋರೈಡ್ ಹೆಚ್ಚಿದ್ದ ರಕ್ತಹೀನ ಗರ್ಭಿಣಿಯರಿಗೆ ಫ್ಲೋರೈಡ್ ಒಳಸೇರುವ ದಾರಿಗಳನ್ನು ಮುಚ್ಚಿ ಊಟ ಸರಿಪಡಿಸಿದಾಗ ಹಿಮೋಗ್ಲೋಬಿನ್ ಏರಿತು, ಹುಟ್ಟಿದ ಮಕ್ಕಳ ತೂಕವೂ ಸುಧಾರಿಸಿತು. 2018ರ ‘ಅನೀಮಿಯಾ ಮುಕ್ತ ಭಾರತ’ ಕಾರ್ಯಕ್ರಮ ರಕ್ತಹೀನತೆಯ ಪೋಷಣೇತರ ಕಾರಣಗಳಲ್ಲಿ ಫ್ಲೋರೋಸಿಸ್ಸನ್ನೂ ಹೆಸರಿಸಿದೆ. ಹಾಗಿದ್ದ ಮೇಲೆ ಅರಸೀಕೆರೆ ಸೀಮೆಯ ತಾಯಿ ಕಾರ್ಡಿನಲ್ಲಿ ಮನೆಯ ನೀರಿನ ಫ್ಲೋರೈಡ್ ಬರೆಯಲು ಒಂದು ಸಾಲಿನ ಜಾಗ ಇರಬೇಕು. ಮಾತ್ರೆ ನುಂಗುತ್ತಿಲ್ಲವೆಂದು ಹೆಣ್ಣುಮಗಳನ್ನು ಗದರುವ ಮುನ್ನ ಆಶಾ ಕಾರ್ಯಕರ್ತೆ ಆ ಸಾಲನ್ನು ನೋಡುವಂತಾಗಬೇಕು.

ಹೇಮಾವತಿಯ ನೀರನ್ನು ಕೊಳವೆ ಮಾರ್ಗದಲ್ಲಿ ಈ ತಾಲ್ಲೂಕಿಗೆ ತರುವ ಯೋಜನೆಗಳು ನಡೆದಿವೆ. 2024ರ ಸೆಪ್ಟೆಂಬರಿನಲ್ಲಿ ಮೊದಲ ಹಂತ ಚಾಲನೆಗೊಂಡ ಎತ್ತಿನಹೊಳೆ ಯೋಜನೆಯ ಪಟ್ಟಿಯಲ್ಲೂ ಅರಸೀಕೆರೆಯಿದೆ. ನದಿಯ ನೀರು ಬಂದ ಊರಿನಲ್ಲಿ ಕಾಯಿಲೆ ನಿಂತಿತೇ ಎಂದು ತಿಳಿಯಲು ದೊಡ್ಡ ಖರ್ಚಿಲ್ಲದ ದಾರಿ ನೂರು ವರ್ಷದ ಹಿಂದೆಯೇ ಸಿಕ್ಕಿದೆ. ಅಮೆರಿಕದ ಐಡಹೊ ರಾಜ್ಯದ ಓಕ್ಲಿ ಎಂಬ ಊರಿನಲ್ಲಿ ಮಕ್ಕಳ ಹಲ್ಲು ಕಂದು ತಿರುಗುತ್ತಿದ್ದಾಗ, 1923ರಲ್ಲಿ ದಂತವೈದ್ಯ ಫ್ರೆಡರಿಕ್ ಮೆಕೇ ಊರಿಗೆ ಬರುತ್ತಿದ್ದ ಕೊಳವೆಯ ನೀರು ಬಿಟ್ಟು ಬೇರೆ ಬುಗ್ಗೆಯ ನೀರು ತರಲು ಹೇಳಿದರು. ತಪ್ಪಿತಸ್ಥ ಫ್ಲೋರೈಡ್ ಎಂದು ಎಚ್. ವಿ. ಚರ್ಚಿಲ್ ಪತ್ತೆಹಚ್ಚಿದ್ದು 1931ರಲ್ಲಿ. 1923ರಲ್ಲಿ ಮೆಕೇಗೆ ಅದು ಗೊತ್ತಿರಲಿಲ್ಲ. ಆದರೂ ಕೆಲವೇ ವರ್ಷಗಳಲ್ಲಿ ಆ ಊರಿನ ಕಿರಿಯ ಮಕ್ಕಳಿಗೆ ಶುಭ್ರ ಹಲ್ಲು ಬಂದವು. ಇಲ್ಲಿಯೂ ಪ್ರತಿ ಶಾಲೆಯ ಎರಡು, ಮೂರನೇ ತರಗತಿಯ ಮಕ್ಕಳ ಮುಂಬಲ್ಲುಗಳನ್ನು ವರ್ಷಕ್ಕೊಮ್ಮೆ ನೋಡಿ, ಮಗು ಹುಟ್ಟಿದ ವರ್ಷ ಮತ್ತು ಮನೆಗೆ ಹೊಸ ನೀರು ಬಂದ ವರ್ಷವನ್ನು ಪಕ್ಕಪಕ್ಕ ಬರೆದಿಟ್ಟರೆ ಸಾಕು. ಬೇಸಿಗೆಯಲ್ಲಿ ನದಿಯ ನೀರು ಸಾಲದೆ ಮತ್ತೆ ಬೋರಿನ ನೀರು ಬೆರೆಸಿದ ಊರು ಯಾವುದೆಂಬುದೂ ಆ ಪಟ್ಟಿಯಲ್ಲಿ ಬಯಲಾಗುತ್ತದೆ.