ಜಗಲಿಯ ಮೇಲೆ ಪ್ರಭುದೇವರು

ನಮ್ಮಲ್ಲಿ ಒಂದು ಸಣ್ಣ ಕೂಟವಿರುವುದು. ಅದಕ್ಕೆ ಹೆಸರಿಲ್ಲ, ಅಧ್ಯಕ್ಷರಿಲ್ಲ, ಚಂದಾಹಣವೂ ಇಲ್ಲ. ಒಂದು ಭಾನುವಾರ ಶಿವಮೊಗ್ಗೆಯಲ್ಲಿ, ಹದಿನೈದು ದಿನ ಬಿಟ್ಟು ಬರುವ ಭಾನುವಾರ ಭದ್ರಾವತಿಯಲ್ಲಿ, ಹೀಗೆ ಸರದಿಯ ಮೇಲೆ ಒಬ್ಬೊಬ್ಬರ ಮನೆಯ ಜಗಲಿಯಲ್ಲಿ ಸಂಜೆ ನಾಲ್ಕು ಘಂಟೆಗೆ ಎಂಟು ಹತ್ತು ಮಂದಿ ಸೇರಿ, ಅಲ್ಲಮಪ್ರಭುವಿನ ವಚನಗಳನ್ನು ಓದಿ, ತಿಳಿದಷ್ಟನ್ನು ತಿಳಿದುಕೊಂಡು, ತಿಳಿಯದುದರ ವಿಷಯವಾಗಿ ಜಗಳವಾಡಿ, ದೀಪ ಹಚ್ಚುವ ಹೊತ್ತಿಗೆ ಮನೆಗೆ ಹಿಂದಿರುಗುವುದು ನಮ್ಮ ರೂಢಿ. ಮನೆಯವರು ಕೊಡುವ ಮಂಡಕ್ಕಿಯನ್ನೂ ಕಾಫಿಯನ್ನೂ ಲೆಕ್ಕಕ್ಕೆ ಹಿಡಿದರೆ ಅದೊಂದೇ ಈ ಕೂಟದ ಖರ್ಚು.

ಕೂಟದಲ್ಲಿ ಪಂಡಿತರೆನ್ನಿಸಿಕೊಳ್ಳತಕ್ಕವರು ಒಬ್ಬರೇ. ಅವರು ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತರಾದ ಮೇಷ್ಟ್ರು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಕುಲುಮೆಯ ಬಳಿ ಮೂವತ್ತು ವರ್ಷಕ್ಕೂ ಮಿಕ್ಕು ದುಡಿದ ರಾಯರೊಬ್ಬರುಂಟು. ತೀರ್ಥಹಳ್ಳಿಯ ಕಡೆಯ ಅಡಕೆ ತೋಟದವರೊಬ್ಬರು, ಬ್ಯಾಂಕಿನ ಗುಮಾಸ್ತರೊಬ್ಬರು, ಕಾಲೇಜಿಗೆ ಹೋಗುವ ಹುಡುಗಿಯೊಬ್ಬಳು, ಗೃಹಿಣಿಯರು ಮೂವರು. ಆ ಮೂವರಲ್ಲಿ ಒಬ್ಬಾಕೆ ನನ್ನ ಮನೆಯಾಕೆ. ನಿಜವನ್ನು ಹೇಳುವುದಾದರೆ ಕೂಟಕ್ಕೆ ಮೊದಲು ಸೇರಿದವಳು ಆಕೆಯೇ. ಆಕೆಯನ್ನು ಕರೆದುಕೊಂಡು ಬರುವ ನೆಪದಲ್ಲಿ ಬಾಗಿಲ ಬಳಿ ನಿಂತಿದ್ದ ನಾನು ಕ್ರಮೇಣ ಒಳಗೆ ಬಂದು ಕುಳಿತವನು.

ಇಷ್ಟೊಂದು ತತ್ತ್ವಜ್ಞಾನಿಗಳಿರುವಾಗ ಅಲ್ಲಮನನ್ನೇ ಏಕೆ ಆರಿಸಿಕೊಂಡಿರಿ ಎಂದು ಕೇಳುವವರುಂಟು. ಆತ ನಮ್ಮ ಜಿಲ್ಲೆಯವನೆಂಬ ಅಭಿಮಾನವೇ ಮೊದಲ ಕಾರಣವೆಂದು ಒಪ್ಪಿಕೊಳ್ಳುವುದರಲ್ಲಿ ನಾಚಿಕೆಯಿಲ್ಲ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆ ಆತನ ಹುಟ್ಟೂರು. ಅಕ್ಕಮಹಾದೇವಿಯ ಉಡುತಡಿಯೂ ಅದೇ ತಾಲ್ಲೂಕಿನಲ್ಲಿಯೇ ಇರುವುದು. ಇಂದು ಬಳ್ಳಿಗಾವೆಗೆ ಹೋದವರಿಗೆ ಕೇದಾರೇಶ್ವರ ಮತ್ತು ತ್ರಿಪುರಾಂತಕ ದೇವಾಲಯಗಳೂ, ಸುತ್ತಲೂ ಒಂದು ಸಾಧಾರಣ ಹಳ್ಳಿಯೂ ಕಾಣುವುವು. ಆದರೆ ಅಲ್ಲಿನ ಕೋಡಿಯಮಠಕ್ಕೆ ಸಂಬಂಧಿಸಿದ 1162ನೆಯ ಇಸವಿಯ ಶಾಸನವನ್ನು ಓದಿದರೆ ಆ ಊರು ಹಿಂದೆ ಎಂತಹುದಾಗಿತ್ತೆಂಬುದು ಮನಸ್ಸಿಗೆ ಬರುವುದು. ರೈಸ್ ಸಾಹೇಬರು 1902ರಲ್ಲಿ ಪ್ರಕಟಿಸಿದ ಶಿವಮೊಗ್ಗೆ ಜಿಲ್ಲೆಯ ಶಾಸನಗಳ ಸಂಪುಟದಲ್ಲಿ ಅದು ಅಚ್ಚಾಗಿದೆ. ಆ ಮಠದಲ್ಲಿ ನಾಲ್ಕು ವೇದಗಳ ಅಧ್ಯಯನ, ಹಲವು ವ್ಯಾಕರಣಗಳು, ನ್ಯಾಯ ವೈಶೇಷಿಕ ಸಾಂಖ್ಯಾದಿ ದರ್ಶನಗಳು, ಬೌದ್ಧಮತ, ಯೋಗಶಾಸ್ತ್ರ, ಪುರಾಣ, ಕಾವ್ಯ, ನಾಟಕ ಇವೆಲ್ಲಕ್ಕೂ ಸ್ಥಳವಿತ್ತಂತೆ. ರೋಗಿಗಳಿಗೆ ಔಷಧವೂ, ಕುರುಡರು ಕುಂಟರು ಅನಾಥರು ಮೊದಲಾದವರಿಗೆ ಅನ್ನವೂ ಅಲ್ಲಿ ದೊರೆಯುತ್ತಿದ್ದಿತು. ಅನ್ನ ಪಡೆಯುವವರ ಆ ಪಟ್ಟಿಯಲ್ಲಿ ಹಾಡುವವರೂ ವಾದ್ಯ ಬಾರಿಸುವವರೂ ಸೇರಿರುವರು. ಹರಿಹರನ ರಗಳೆಯ ಪ್ರಕಾರ ಅಲ್ಲಮನು ದೇವಾಲಯದಲ್ಲಿ ಮದ್ದಳೆ ಬಾರಿಸುತ್ತಿದ್ದವನು. ಹತ್ತೆಂಟು ಮತದ ಪಂಡಿತರು ವಾದಿಸುತ್ತಿದ್ದ ಊರಿನಲ್ಲಿ, ಆ ವಾದಗಳನ್ನು ಕೇಳುತ್ತ ಬೆಳೆದ ಮದ್ದಳೆಗಾರನೊಬ್ಬನು ಮುಂದೆ ಆ ಎಲ್ಲ ವಾದಗಳ ಬುಡವನ್ನೇ ಅಲುಗಿಸುವ ಮಾತನಾಡಿದನೆಂಬುದು ನನಗಂತೂ ಆಶ್ಚರ್ಯವೆನ್ನಿಸುವುದಿಲ್ಲ.

ನಾವು ಓದುವ ಗ್ರಂಥ ಶೂನ್ಯಸಂಪಾದನೆ. ಇದು ಅಲ್ಲಮನು ಬರೆದುದಲ್ಲ. ಆತನ ಕಾಲದಿಂದ ಸುಮಾರು ಇನ್ನೂರೈವತ್ತು ವರ್ಷಗಳ ತರುವಾಯ ಶಿವಗಣಪ್ರಸಾದಿ ಮಹಾದೇವಯ್ಯನು ಶರಣರ ವಚನಗಳನ್ನು ಆಯ್ದು, ಒಬ್ಬರಿಗೊಬ್ಬರು ಪ್ರಶ್ನೆ ಉತ್ತರ ಹೇಳಿಕೊಳ್ಳುವಂತೆ ಪೋಣಿಸಿ ರಚಿಸಿದ ಗ್ರಂಥವಿದು. ಆಮೇಲೆ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣ ಇವರು ಅದನ್ನು ತಮ್ಮ ತಮ್ಮ ದೃಷ್ಟಿಯಂತೆ ತಿದ್ದಿ ಬೆಳೆಸಿದರು. ಗೂಳೂರು ಸಿದ್ಧವೀರಣ್ಣನ ಗ್ರಂಥವನ್ನು ಭೂಸನೂರಮಠರು 1958ರಲ್ಲಿ ಸಂಪಾದಿಸಿಕೊಟ್ಟರು. ಒಬ್ಬರು ಮಾತನಾಡಿ ಉಳಿದವರು ಕೈಮುಗಿದು ಕೇಳುವ ಪುರಾಣದ ರೀತಿ ಈ ಪುಸ್ತಕದಲ್ಲಿಲ್ಲ. ಬಂದವರೆಲ್ಲರೂ ಪ್ರಭುವನ್ನು ಎದುರಿಸಿ ಕೇಳುವರು. ಆತನೂ ಬಿಡದೆ ಕೆಣಕುವನು. ಆದುದರಿಂದ ಕೂಟದಲ್ಲಿ ಓದುವುದಕ್ಕೆ ಇದರಷ್ಟು ಒಪ್ಪುವ ಗ್ರಂಥ ಕನ್ನಡದಲ್ಲಿ ಮತ್ತೊಂದಿದೆಯೆಂದು ನಾನು ಕಾಣೆ.

ಓದುವ ಕ್ರಮ ಸರಳವಾದುದು. ಒಬ್ಬರು ವಚನವನ್ನು ಎರಡು ಸಲ ಗಟ್ಟಿಯಾಗಿ ಓದುವರು. ಎಲ್ಲರೂ ಒಂದೊಂದು ಮಾತು ಹೇಳುವವರೆಗೆ ಯಾರೂ ಎರಡನೆಯ ಮಾತು ಹೇಳತಕ್ಕದ್ದಲ್ಲ. ಈ ನಿಯಮವನ್ನು ಮಾಡಿದವರು ಮೇಷ್ಟ್ರು. ಅದನ್ನು ಹೆಚ್ಚಾಗಿ ಮುರಿಯುವವರೂ ಅವರೇ.

ಮೊದಲ ಆರು ತಿಂಗಳು ನಮಗೆ ಬಹಳ ಕಷ್ಟವಾಯಿತು. ಬಸವಣ್ಣನವರ ವಚನ ಓದಿದ ಕೂಡಲೇ ಎದೆಗೆ ತಾಗುವುದು, ಅಲ್ಲಮನದು ಹಾಗಲ್ಲ. ಬೆಡಗಿನ ವಚನಗಳಂತೂ ಕಬ್ಬಿಣದ ಕಡಲೆ. ಕಲ್ಲಿನೊಳಗೆ ಅಡಗಿರುವ ಬೆಂಕಿಯಂತೆ ಪರವಸ್ತುವು ಅಡಗಿದೆಯೆಂಬ ಹೋಲಿಕೆ ಒಂದು ಸಂಜೆ ಬಂದಿತು. ಗುಮಾಸ್ತರು ಪುಸ್ತಕದ ವ್ಯಾಖ್ಯಾನವನ್ನು ಓದಿ ಹೇಳಿದರು, ಯಾರಿಗೂ ತೃಪ್ತಿಯಾಗಲಿಲ್ಲ. ಆಗ ಕುಲುಮೆಯ ರಾಯರು, "ನಮ್ಮ ಕಾರ್ಖಾನೆಗೆ ಕೆಮ್ಮಣ್ಣುಗುಂಡಿಯಿಂದ ಅದುರು ಬರುತ್ತಿತ್ತು. ಹೊಸಬರು ಅದನ್ನು ಕೈಯಲ್ಲಿ ಹಿಡಿದು ಇದರಲ್ಲಿ ಕಬ್ಬಿಣ ಎಲ್ಲಿದೆ ಸಾರ್ ಎಂದು ಕೇಳುತ್ತಿದ್ದರು. ಒಡೆದು ನೋಡಿದರೆ ಕೆಂಪು ಕಲ್ಲೇ. ಪುಡಿ ಮಾಡಿದರೂ ಕೆಂಪು ಮಣ್ಣೇ. ಉರಿಗೆ ಹಾಕಿದ ಮೇಲೆ ಮಾತ್ರ ನೀರಿನಂತೆ ಹರಿದು ಬರುವುದು," ಎಂದರು. ನಾವೆಲ್ಲರೂ ಭಲೆ ಎಂದೆವು. ಕಾಲೇಜಿನ ಹುಡುಗಿ ಮಾತ್ರ ಬಿಡಲಿಲ್ಲ. "ಅಜ್ಜಾ, ಅದುರಿನಲ್ಲಿ ಕಬ್ಬಿಣದ ಜೊತೆಗೆ ಆಮ್ಲಜನಕ ಸೇರಿಕೊಂಡಿರುತ್ತದೆ, ಇದ್ದಿಲು ಅದನ್ನು ಎಳೆದುಕೊಂಡು ಹೋಗುತ್ತದೆ. ಅಂದರೆ ಹೊರಗಿನಿಂದ ಇದ್ದಿಲು ಬೇಕೇ ಬೇಕು. ಅಲ್ಲಮನು ಹೊರಗಿನದು ಏನೂ ಬೇಡವೆನ್ನುತ್ತಾನಲ್ಲ?" ಎಂದಳು. ರಾಯರು ಸ್ವಲ್ಪ ಹೊತ್ತು ಯೋಚಿಸಿ, "ಹಾಗಾದರೆ ಗುರು ಅಂದರೆ ಇದ್ದಿಲು ಅಂತಿಟ್ಟುಕೋ ಮಗಳೇ. ಕಬ್ಬಿಣ ಬಂದಮೇಲೆ ಇದ್ದಿಲು ಎಲ್ಲಿ ಉಳಿಯುತ್ತದೆ?" ಎಂದರು. ಈ ಅರ್ಥ ಯಾವ ವ್ಯಾಖ್ಯಾನದಲ್ಲಿಯೂ ಇಲ್ಲ. ತೋಟದಲ್ಲಿ ಅಲ್ಲಮನಿಗೆ ದೊರೆತ ಗುರು ಅನಿಮಿಷಯ್ಯನು ಆತನ ಕೈಗೆ ಲಿಂಗವನ್ನು ಕೊಟ್ಟು ಒಡನೆಯೇ ಪ್ರಾಣವನ್ನು ಬಿಟ್ಟನೆಂಬ ಕಥೆಯನ್ನು ನೆನೆದರೆ, ರಾಯರ ಮಾತು ಅಷ್ಟೇನೂ ದೂರ ಹೋದುದಲ್ಲವೆಂದು ತೋರುವುದು.

ಇನ್ನೊಂದು ಸಂಗತಿಯನ್ನು ಇಲ್ಲಿಯೇ ಹೇಳಿಬಿಡುವೆನು. ಭದ್ರಾವತಿಯ ಕಾರ್ಖಾನೆಯಲ್ಲಿ ಕಬ್ಬಿಣ ತಯಾರಾಗಲು ತೊಡಗಿದುದು 1923ರಲ್ಲಿ. ವಿಜಯಪುರದ ಫ. ಗು. ಹಳಕಟ್ಟಿಯವರು ಓಲೆಗರಿಗಳಲ್ಲಿ ಹುದುಗಿದ್ದ ವಚನಗಳನ್ನು ವಚನಶಾಸ್ತ್ರಸಾರವೆಂದು ಅಚ್ಚುಮಾಡಿಸಿ ಹೊರತಂದುದೂ ಅದೇ ವರ್ಷದಲ್ಲಿ. ಸ್ವಂತ ಮನೆಯನ್ನು ಮಾರಿ ಅಚ್ಚುಕೂಟವನ್ನು ಇಟ್ಟ ಮಹನೀಯರವರು. ಈ ಎರಡು ಇಸವಿಗಳ ಹೊಂದಾಣಿಕೆಯನ್ನು ಮೇಷ್ಟ್ರು ತೋರಿಸಿದ ದಿನದಿಂದ ರಾಯರು ಹಳಕಟ್ಟಿಯವರನ್ನು "ನಮ್ಮ ಕಾರ್ಖಾನೆಯವರು" ಎಂದೇ ಕರೆಯುವರು.

ಗೃಹಿಣಿಯರಿಗೆ ಹಿಡಿಸಿದುದು ಆಯ್ದಕ್ಕಿ ಲಕ್ಕಮ್ಮನ ಪ್ರಸಂಗ. ಗಂಡನು ದಿನದ ಅಳತೆಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬನ್ನಿರೆಂದು ಹಿಂದಕ್ಕೆ ಕಳುಹಿಸಿದ ಮಹಾತಾಯಿ ಆಕೆ. ಅಂದು ಮನೆಗೆ ಹಿಂದಿರುಗುವಾಗ ನನ್ನಾಕೆ ನನ್ನ ಚೀಲದಲ್ಲಿದ್ದ ತರಕಾರಿಯ ಕಡೆಗೆ ನೋಡಿದ ನೋಟವನ್ನು ಇಲ್ಲಿ ವರ್ಣಿಸುವುದಿಲ್ಲ.

ಈಗ ಹೇಳಬೇಕಾದ ಮುಖ್ಯ ವಿಷಯಕ್ಕೆ ಬರುವೆನು. ಗ್ರಂಥದ ಮೊದಲ ಭಾಗದಲ್ಲಿಯೇ ಮುಕ್ತಾಯಕ್ಕನ ಪ್ರಸಂಗವಿದೆ. ಆಕೆಯ ಅಣ್ಣ ಅಜಗಣ್ಣ. ಆತನೇ ಆಕೆಗೆ ಗುರುವೂ ಹೌದು. ಆತನು ತೀರಿಹೋದಾಗ ಆಕೆ ಅವನ ತಲೆಯನ್ನು ಕೈಯಲ್ಲಿ ಹಿಡಿದುಕೊಂಡು ಅಳುತ್ತಿರುವಳು. ದಾರಿಯಲ್ಲಿ ಬಂದ ಪ್ರಭುವು ಆಕೆಯನ್ನು ನೀನು ಯಾರೆಂದು ಕೇಳುವನು. ಅಲ್ಲಿಂದ ಮುಂದೆ ಇಬ್ಬರಿಗೂ ದೀರ್ಘವಾದ ಸಂವಾದ ನಡೆಯುವುದು.

ನಮ್ಮ ಕೂಟದ ಭದ್ರಾವತಿಯ ಅಕ್ಕನವರು 2021ರ ಮೇ ತಿಂಗಳಿನಲ್ಲಿ ಮಹಾಮಾರಿಯ ಎರಡನೆಯ ಅಲೆಯಲ್ಲಿ ತಮ್ಮ ಒಬ್ಬನೇ ಅಣ್ಣನನ್ನು ಕಳೆದುಕೊಂಡಿದ್ದರು. ಮರುವರ್ಷ ಕೂಟವು ಮತ್ತೆ ಆರಂಭವಾದಾಗ ಆ ಪ್ರಸಂಗವನ್ನು ಓದುವ ಸರದಿ ಬಂದಿತು. ಅದನ್ನು ಬಿಟ್ಟು ಮುಂದಿನ ಸಿದ್ಧರಾಮನ ಪ್ರಸಂಗಕ್ಕೆ ಹೋಗೋಣವೆಂದು ಮೇಷ್ಟ್ರ ಕಿವಿಯಲ್ಲಿ ಹೇಳಿದವನು ನಾನೇ. ಮೇಷ್ಟ್ರು ಒಪ್ಪಿದರು, ಉಳಿದವರೂ ಅರ್ಥಮಾಡಿಕೊಂಡು ಸುಮ್ಮನಾದರು. ಸಿದ್ಧರಾಮನಿಗೆ ಲಿಂಗದೀಕ್ಷೆಯಾಯಿತೇ ಇಲ್ಲವೇ ಎಂಬ ವಿಷಯದಲ್ಲಿ ಮಹಾದೇವಯ್ಯನ ಗ್ರಂಥ ಒಂದು ವಿಧವಾಗಿಯೂ ತರುವಾಯದವರದು ಇನ್ನೊಂದು ವಿಧವಾಗಿಯೂ ಇರುವುದಷ್ಟೆ. ಅದನ್ನು ಹಿಡಿದುಕೊಂಡು ಎರಡು ಭಾನುವಾರ ನಾವು ಬಹಳ ಉತ್ಸಾಹದಿಂದ ವಾದಿಸಿದೆವು. ಆ ಉತ್ಸಾಹದಲ್ಲಿ ಅರ್ಧ ಪಾಲು ಕಳ್ಳತನವನ್ನು ಮರೆಸುವುದಕ್ಕಾಗಿ ಇದ್ದಿತೆಂದು ಈಗ ಅನ್ನಿಸುವುದು.

ಮೂರನೆಯ ಭಾನುವಾರ ಅಕ್ಕನವರು ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು, "ಮೇಷ್ಟ್ರೇ, ನಡುವೆ ಒಂದು ಪ್ರಸಂಗ ದಾಟಿದ್ದೀರಿ. ನಾನು ಮನೆಯಲ್ಲಿ ಓದಿದೆ," ಎಂದರು. ಯಾರೂ ಮಾತನಾಡಲಿಲ್ಲ. "ನನಗೆ ನೋವಾಗುತ್ತದೆಂದು ದಾಟಿದಿರಿ, ಅದು ಗೊತ್ತು. ಆದರೆ ನನ್ನನ್ನು ಒಂದು ಮಾತು ಕೇಳಬಹುದಿತ್ತು. ಈ ಒಂದು ವರ್ಷದಲ್ಲಿ ಬಂದವರೆಲ್ಲ ಹೀಗೆಯೇ ಅಣ್ಣನ ಮಾತನ್ನು ದಾಟಿಕೊಂಡೇ ಹೋಗಿದ್ದಾರೆ." ನಾನು ತಪ್ಪೊಪ್ಪಿಕೊಳ್ಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಆಕೆ ಪುಸ್ತಕವನ್ನು ತೆರೆದು ತಾವೇ ಓದಲಾರಂಭಿಸಿದರು.

ಪ್ರಭುವು ಆಕೆಗೆ ಹೇಳುವುದಿಷ್ಟು. ಅರಿತವನಿಗೆ ಸಾವಿಲ್ಲ, ಕುರುಹಿಲ್ಲದೆ ಬಯಲಾದವನಿಗಾಗಿ ಅಳುವುದು ಸಲ್ಲದು. ಮುಕ್ತಾಯಕ್ಕನು ತಲೆಯಾಡಿಸಿ ಒಪ್ಪಿಕೊಳ್ಳುವಳೆಂದು ಮೊದಲ ಸಲ ಓದುವವರು ತಿಳಿಯುವರು. ಆಕೆ ಒಪ್ಪುವುದಿಲ್ಲ. ದಾರಿ ತೋರಿಸುವವನನ್ನು ಕಳೆದುಕೊಂಡು ನಾನು ಹೇಗೆ ನಡೆಯಲಿ ಎನ್ನುವಳು. ಅಷ್ಟಕ್ಕೂ ನಿಲ್ಲದೆ, ಮಾತಿಗೆ ನಿಲುಕದುದನ್ನು ಅರಿತೆನೆನ್ನುವ ನಿಮಗೆ ಇನ್ನೂ ಮಾತಿನ ಹಂಬಲ ಬಿಟ್ಟಿಲ್ಲವಲ್ಲ, ನೀವು ನನಗೆ ಬುದ್ಧಿ ಹೇಳುವುದೆಂತು ಎಂದು ಪ್ರಭುವನ್ನೇ ಹಿಡಿದು ನಿಲ್ಲಿಸುವಳು. ಅರಿತವನ ಮಾತು ಬೆಳಕಿನಂತಹುದು, ಅದು ಆತನಿಗೆ ಅಂಟದೆಂದು ಪ್ರಭುವು ಉತ್ತರ ಕೊಡುವನು. ಕಡೆಗೆ ಆಕೆಯ ಸಂದೇಹ ನಿವಾರಣೆಯಾಯಿತೆಂದು ಗ್ರಂಥವು ಹೇಳುವುದು.

ಓದಿ ಮುಗಿಸಿ ಅಕ್ಕನವರು, "ಅವಳ ಕೈಯಲ್ಲಾದರೂ ಅಣ್ಣನ ತಲೆ ಇತ್ತು. ನಮಗೆ ದೂರದಿಂದ ಒಂದು ಮೂಟೆ ತೋರಿಸಿದರು," ಎಂದರು.

ನಿಯಮದ ಪ್ರಕಾರ ಎಲ್ಲರೂ ಒಂದೊಂದು ಮಾತು ಹೇಳಬೇಕಾಗಿತ್ತು. ಯಾರಿಗೂ ನಾಲಗೆ ಏಳಲಿಲ್ಲ. ಬಹಳ ಹೊತ್ತಿನ ಮೇಲೆ ಮೇಷ್ಟ್ರು, ಆತ್ಮಕ್ಕೆ ಹುಟ್ಟು ಸಾವುಗಳಿಲ್ಲವೆಂಬುದೇ ಈ ಪ್ರಸಂಗದ ತಾತ್ಪರ್ಯವೆಂದು ಮೆಲ್ಲಗೆ ಆರಂಭಿಸಿದರು. ಅಕ್ಕನವರು ಕೈಯಾಡಿಸಿ, "ಅದನ್ನು ಬಿಡಿ ಮೇಷ್ಟ್ರೇ. ಪ್ರಭುದೇವರಿಗೂ ಕಮಲತೆ ಅಂತ ಒಬ್ಬಳಿದ್ದಳಲ್ಲ, ಅವಳು ಸತ್ತಾಗ ಅವರೂ ಹುಚ್ಚರ ಹಾಗೆ ಅಲೆದರಲ್ಲ, ನೀವೇ ಹೇಳಿದ್ದಿರಿ," ಎಂದರು. ಮೇಷ್ಟ್ರು ಎಷ್ಟಾದರೂ ಮೇಷ್ಟ್ರು. "ಅದು ಹರಿಹರನ ರಗಳೆಯಲ್ಲಿ ತಾಯಿ. ಚಾಮರಸನು ಪ್ರಭುಲಿಂಗಲೀಲೆಯಲ್ಲಿ ಆ ಕಥೆಯನ್ನು ಒಪ್ಪಲಿಲ್ಲ. ಅಲ್ಲಿ ಪ್ರಭುವು ಮಾಯೆಗೆ ಸಿಕ್ಕುವುದೇ ಇಲ್ಲ. ಈ ಗ್ರಂಥದಲ್ಲಿಯೂ ಕಮಲತೆ ಇಲ್ಲ," ಎಂದರು.

"ಪುಸ್ತಕ ಬೇರೆಯಾದರೆ ಮನುಷ್ಯ ಬೇರೆಯಾಗುತ್ತಾನೆಯೇ ಮೇಷ್ಟ್ರೇ? ಅತ್ತವರಲ್ಲದಿದ್ದರೆ ಅವರು ಅಳುವವಳ ಹತ್ತಿರ ಅಷ್ಟು ಹೊತ್ತು ನಿಲ್ಲುತ್ತಿರಲಿಲ್ಲ. ಅಳಬೇಡ ಅಂದು ತಮ್ಮ ದಾರಿ ಹಿಡಿದು ಹೋಗುತ್ತಿದ್ದರು. ಅವಳು ಬೈದರೂ ನಿಂತಿದ್ದಾರೆ, ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಿದ್ದಾರೆ."

ಮೇಷ್ಟ್ರು ಕನ್ನಡಕವನ್ನು ತೆಗೆದು ಒರೆಸಿಕೊಂಡರು. ಪಾಠಾಂತರಗಳ ವಿಷಯವಾಗಿ ಅವರು ಉತ್ತರ ಕೊಡದೆ ಬಿಟ್ಟುದನ್ನು ನಾನು ಕಂಡುದು ಅದೊಂದೇ ಸಲ. ಶಾಸ್ತ್ರದ ದೃಷ್ಟಿಯಿಂದ ನೋಡಿದರೆ ಅವರ ಮಾತೇ ಸರಿ. ಹರಿಹರನ ಕಥೆಯನ್ನು ತಂದು ಮಹಾದೇವಯ್ಯನ ಗ್ರಂಥಕ್ಕೆ ಹೊಲಿಯುವುದು ವಿದ್ವಾಂಸರು ಒಪ್ಪುವ ಕ್ರಮವಲ್ಲ. ಆದರೆ ಮುಕ್ತಾಯಕ್ಕನ ಪ್ರಶ್ನೆಗಳಲ್ಲಿರುವ ಸಿಟ್ಟು ಸಿಟ್ಟಾಗಿಯೇ ನನ್ನ ಕಿವಿಗೆ ಬಿದ್ದುದು ಅಂದೇ. ಅದುವರೆಗೆ ನಾನು ಅವುಗಳನ್ನು ತತ್ತ್ವದ ಪೂರ್ವಪಕ್ಷವೆಂದು ತಿಳಿದು ಓದುತ್ತಿದ್ದೆನು.

ಆ ಸಂಜೆ ಅಕ್ಕನವರು ತಮ್ಮ ಅಣ್ಣನ ವಿಷಯವನ್ನು ಬಹಳ ಹೊತ್ತು ಹೇಳಿದರು. ಬಾಲ್ಯದಲ್ಲಿ ಭದ್ರಾ ನದಿಯಲ್ಲಿ ಈಜು ಕಲಿಸಿದುದು, ಶಾಲೆಯ ಫೀಸಿಗೆ ತನ್ನ ಸೈಕಲ್ಲನ್ನು ಮಾರಿದುದು, ಕಡೆಯ ದಿನ ದೂರವಾಣಿಯಲ್ಲಿ ಊಟವಾಯಿತೇ ಎಂದು ಕೇಳಿದುದು. ಶೂನ್ಯಸಂಪಾದನೆಯ ಒಂದು ವಚನವನ್ನೂ ಅಂದು ನಾವು ಮುಂದಕ್ಕೆ ಓದಲಿಲ್ಲ. ಕಡೆಯ ಬಸ್ಸು ತಪ್ಪಿಹೋಗುವುದೆಂದು ಕುಲುಮೆಯ ರಾಯರು ಎದ್ದು ನಿಂತು ಆಕೆಯನ್ನು ಜೊತೆಗೆ ಕರೆದುಕೊಂಡು ಹೊರಟರು. ನಾನು ನಿಲ್ದಾಣದವರೆಗೆ ಹೋಗಿ, ಪ್ರಸಂಗವನ್ನು ಬಿಡಿಸಿದವನು ನಾನೆಂದು ಹೇಳಿದೆನು. "ಗೊತ್ತಿತ್ತು ಬಿಡಿ. ನಿಮ್ಮ ಮನೆಯವರು ಅವತ್ತೇ ಹೇಳಿದ್ದರು," ಎಂದು ಅಕ್ಕನವರು ಬಸ್ಸು ಹತ್ತಿದರು.

ಬರುವ ಭಾನುವಾರ ಭದ್ರಾವತಿಯ ಸರದಿ; ಅಕ್ಕನವರ ಮನೆಯಲ್ಲಿಯೇ ಕೂಟ. ನಾವು ಅವಸರದಲ್ಲಿ ಓದಿ ಕೆಡಿಸಿದ ಸಿದ್ಧರಾಮನ ಪ್ರಸಂಗವನ್ನು ಮೊದಲಿನಿಂದ ಮತ್ತೆ ತೆಗೆಯಬೇಕೆಂದು ಆಕೆ ಹೇಳಿಕಳುಹಿಸಿರುವರು. ಸೊನ್ನಲಿಗೆಯಲ್ಲಿ ಕೆರೆ ಕಟ್ಟುತ್ತಿದ್ದ ಕೂಲಿಯವರು ಪ್ರಭುವಿನ ಮೇಲೆ ಕಲ್ಲು ತೂರುವ ಭಾಗವನ್ನು ರಾಯರು ಓದುವರಂತೆ. ತಾವೂ ದುಡಿಮೆಯವರಾದುದರಿಂದ ಕಲ್ಲು ತೂರಿದವರ ಪಕ್ಷವನ್ನೇ ವಹಿಸುವೆನೆಂದು ಅವರು ಈಗಾಗಲೇ ಮೇಷ್ಟ್ರಿಗೆ ಎಚ್ಚರಿಕೆ ಕೊಟ್ಟಿರುವರು.